ನಮ್ ಹಳದಿ ಕ್ಯಾಸೆಟ್ಟಿನ ಹಿಸ್ಟರಿ ಜಪಾನಿ ಮ್ಯಾಗಜೀನ್‌ನಲ್ಲಿ ಇದ್ಯಂತೆ, ಓದೋದ್ ಹೆಂಗೆ ಗುರು?

ಟ್ಯಾಂಕ್_ತಿಮ್ಮ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ಹೋದ್ ತಿಂಗ್ಳು ಊರಲ್ಲಿ ಮನೆಗೆ ಸುಣ್ಣ ಬಣ್ಣ ಮಾಡಿಸ್ಬೇಕಾದ್ರೆ ಅಟ್ಟದ್ ಮೇಲಿಂದ ನಮ್ ಹಳೇ ಟೀವಿ ಗೇಮ್ ಬಿತ್ತು. ಜೊತೆಗೆ ಹಳದಿ ಕ್ಯಾಸೆಟ್, ಮೇಲೆ 9999999 ಇನ್ 1 ಅಂತ ಬರ್ದಿರೋದು, ಒಳಗೆ ಇರೋದು ಹತ್ತೋ ಇಪ್ಪತ್ತೋ, ಅದನ್ನೇ ತಿರುಗಿಸಿ ತಿರುಗಿಸಿ ಲಿಸ್ಟ್ ಮಾಡಿರ್ತಾರಲ್ಲ ಅದು. ಟ್ಯಾಂಕ್, ಸರ್ಕಸ್, ರೋಡ್ ಫೈಟರ್, ಬಾಂಬರ್‌ಮ್ಯಾನ್.

ಸರಿ ಈ ಗೇಮ್‌ಗಳ ಕಥೆ ಏನು ಅಂತ ಯೂಟ್ಯೂಬ್ ತೆಗ್ದೆ. ಎಲ್ಲಾ ವಿಡಿಯೋದಲ್ಲೂ ಒಂದೇ ಪುರಾಣ. 1983ರಲ್ಲಿ ವಿಡಿಯೋ ಗೇಮ್ ಮಾರ್ಕೆಟ್ ನೆಲ ಕಚ್ತು, ಆಮೇಲೆ ಜಪಾನಿನ ನಿಂಟೆಂಡೋ ಕಂಪನಿ ಬಂದು ಕಾಪಾಡ್ತು. ಸರಿನಪ್ಪ, ನನ್ ಟ್ಯಾಂಕ್ ಗೇಮ್ ಎಲ್ಲಿ? ಹುಡುಕಿದ್ರೆ ಅದರ ಹೆಸ್ರು ಬ್ಯಾಟಲ್ ಸಿಟಿ, ನಾಮ್ಕೊ ಅನ್ನೋ ಕಂಪನಿಯವ್ರು 1985ರ ಸೆಪ್ಟೆಂಬರ್ 9ಕ್ಕೆ ಜಪಾನಲ್ಲಿ ಬಿಟ್ಟಿದ್ದು, ಆ ಕಾಲ್ದಲ್ಲಿ ಅಮೆರಿಕದ ನಿಂಟೆಂಡೋಗೆ ಬರ್ಲೇ ಇಲ್ಲ! ಅಂದ್ರೆ ಅಮೆರಿಕದ ಹಳೇ ಮ್ಯಾಗಜೀನ್ ಎಷ್ಟ್ ತಿರುವಿದ್ರೂ ನನ್ ಬಾಲ್ಯ ಅದ್ರಲ್ಲಿ ಸಿಗಲ್ಲ. ಅದಕ್ಕೇ ಜಪಾನಿನ ಒಂದು ಹಳೇ ಗೇಮ್ ಮ್ಯಾಗಜೀನ್ ಸ್ಕ್ಯಾನ್ ಇಳಿಸ್ಕೊಂಡೆ. ಅರ್ಧ ಗಂಟೆ ಆದ್ಮೇಲೆ ಗೊತ್ತಾಯ್ತು ಕೊನೇ ಪುಟದಿಂದ ನೋಡ್ತಾ ಬಂದಿದೀನಿ ಅಂತ 😂 ಒಂದಕ್ಷರ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಸುಮ್ನೆ_ಬಂದೆ
ಟ್ಯಾಂಕ್ ಗೇಮ್‌ನಲ್ಲಿ ತಮ್ಮ ಬೇಕೂ ಅಂತ್ಲೇ ನಾವು ಕಾಪಾಡ್ಬೇಕಾದ ಹದ್ದಿಗೇ ಗುಂಡು ಹೊಡಿತಿದ್ದ. ಅವ್ನಿಗೆ ಈಗ ಮದ್ವೆ ಆಗಿದೆ, ನಾನಿನ್ನೂ ಕ್ಷಮಿಸಿಲ್ಲ

ಕಾರ್ಟ್ರಿಜ್_ಕಿಟ್ಟಿ
ತಿಮ್ಮಣ್ಣ ಸರಿಯಾದ್ ಜಾಗಕ್ಕೆ ಕೈ ಹಾಕಿದೀರ. ನಿಂಟೆಂಡೋದ ಮೆಷಿನ್‌ಗೆ ಜಪಾನಲ್ಲಿ ಫ್ಯಾಮಿಕಾಮ್ ಅಂತ ಹೆಸ್ರು, ಅಮೆರಿಕದಲ್ಲಿ ಎನ್‌ಇಎಸ್. ನಮ್ಮೂರಲ್ಲಿ ಮಾರ್ತಿದ್ದಿದ್ದು ಅಮೆರಿಕದ ಎನ್‌ಇಎಸ್ ಕಾಪಿ ಅಲ್ಲ, ಜಪಾನಿನ ಫ್ಯಾಮಿಕಾಮ್ ಕಾಪಿ. ಫ್ಯಾಮಿಕಾಮ್ ಕ್ಯಾಸೆಟ್‌ಗೆ 60 ಪಿನ್, ಎನ್‌ಇಎಸ್‌ಗೆ 72. ನಿಮ್ ಹಳದಿ ಕ್ಯಾಸೆಟ್ ಎಣಿಸಿ ನೋಡಿ, 60 ಬರುತ್ತೆ. ಸರ್ಕಸ್ ಚಾರ್ಲಿನೂ ಹಂಗೇ, ಫ್ಯಾಮಿಕಾಮ್‌ಗೆ ಬಂತು, ಅಮೆರಿಕದ ಮೆಷಿನ್‌ಗೆ ಇಲ್ಲ. ನಟ್ಸ್ ಅಂಡ್ ಮಿಲ್ಕ್ ನೆನಪಿದ್ಯಾ? ಅದು 1984ರ ಜುಲೈದು, ಹಡ್ಸನ್ ಕಂಪನಿದು, ನಿಂಟೆಂಡೋ ಬಿಟ್ಟು ಹೊರಗಿನವ್ರು ಫ್ಯಾಮಿಕಾಮ್‌ಗೆ ಮಾಡಿದ ಮೊಟ್ಟಮೊದಲ್ನೇ ಗೇಮ್. ಅದೇ ತಿಂಗಳ ಕೊನೆಗೆ ಲೋಡ್ ರನ್ನರ್. ಇಷ್ಟ್ ದೊಡ್ಡ ಮೈಲಿಗಲ್ಲನ್ನ ನಾವು ಐದ್ ರೂಪಾಯಿ ಕೊಟ್ಟು ಬಾಡಿಗೆ ಅಂಗಡಿಲಿ ಆಡಿ ಬೋರ್ ಅಂತ ರೀಸೆಟ್ ಒತ್ತಿದೀವಿ.

ಧಾರವಾಡ_ಪೇಡೆ
ಕ್ಯಾಸೆಟ್ ಅಂದ್ರಲ್ಲ, ಅದಕ್ಕ ಒಂದ್ ಮಾತು. ಅಮೆರಿಕಾದಾಗ ಅದಕ್ಕ ಕಾರ್ಟ್ರಿಜ್ ಅಂತಾರ. ಜಪಾನಿನ್ಯಾಗ ಏನಂತಾರ ಗೊತ್ತೈತೇನ್ರಿ? ಕಸೆಟ್ಟೊ! ನಾವೂ ಕ್ಯಾಸೆಟ್, ಅವ್ರೂ ಕ್ಯಾಸೆಟ್. ಊದೂದು ಸುದ್ದಾ ಸೇಮ್, ಅವ್ರ ಹುಡುಗ್ರೂ ಫೂ ಫೂ ಅಂತ ಊದಿ ಹಾಕ್ತಿದ್ರಂತ. ನಮ್ ಸಂಬಂಧ ಹಳೇದದ ಬಿಡ್ರಿ.

ನಿಶಿಕಸಾಯ್_ಕನ್ನಡಿಗ
ನಾನು ಟೋಕಿಯೊದಲ್ಲಿ ಇರೋದು, ಈ ಹುಚ್ಚು ನನಗೂ ಇದೆ, ಹೆಂಡತಿ ಹತ್ರ ಬೈಸ್ಕೊಂಡು ಮೂರು ರಟ್ಟಿನ ಡಬ್ಬ ತುಂಬ ಮ್ಯಾಗಜೀನ್ ಇಟ್ಕೊಂಡಿದೀನಿ. ಶುರು ಮಾಡೋರಿಗೆ ಸ್ವಲ್ಪ ಹೇಳ್ತೀನಿ.

ಫ್ಯಾಮಿಕಾಮ್‌ಗೆ ಅಂತ್ಲೇ ಬಂದ ಮೊದಲ್ನೇ ಮ್ಯಾಗಜೀನ್ ತೊಕುಮಾ ಶೋತೆನ್‌ನವ್ರ ಫ್ಯಾಮಿಲಿ ಕಂಪ್ಯೂಟರ್ ಮ್ಯಾಗಜೀನ್, 1985ರ ಜುಲೈದು. ಹುಡುಗ್ರ ಬಾಯಲ್ಲಿ ಅದು ಫಾಮಿಮಗ. ಈಗ್ಲೂ ಬರೋ ಫಾಮಿತ್ಸು ಹುಟ್ಟಿದ್ದು ಒಂದು ವರ್ಷ ಆದ್ಮೇಲೆ, ಆಗ ಅದರ ಪೂರ್ತಿ ಹೆಸ್ರು ಫಾಮಿಕೊನ್ ತ್ಸೂಶಿನ್, ಲಾಗಿನ್ ಅನ್ನೋ ಕಂಪ್ಯೂಟರ್ ಮ್ಯಾಗಜೀನ್‌ನಲ್ಲಿದ್ದ ಒಂದು ಅಂಕಣ ಬೆಳೆದು ಬೇರೆ ಮನೆ ಮಾಡಿದ್ದು. ಇವೆರಡಕ್ಕಿಂತ ಮುಂಚೆ, 1984ರ ಕೊನೆಗೆ ಬೀಪ್ ಅಂತ ಒಂದು ಬಂತು, ಅದು ಒಂದೇ ಮೆಷಿನ್‌ಗೆ ಅಂಟ್ಕೊಂಡಿರಲಿಲ್ಲ, ಆರ್ಕೇಡ್ ಅಂದ್ರೆ ಕಾಸು ಹಾಕಿ ಆಡೋ ದೊಡ್ಡ ಮೆಷಿನ್, ಕಂಪ್ಯೂಟರ್ ಎಲ್ಲಾ ಇರ್ತಿತ್ತು. ಗೇಮ್ ಮ್ಯೂಸಿಕ್ ಇರೋ ತೆಳು ಪ್ಲಾಸ್ಟಿಕ್ ರೆಕಾರ್ಡ್ ಕೂಡ ಕೊಡ್ತಿದ್ರು. ನಾನು ಕೊಂಡ ಕಾಪಿಲಿ ಆ ರೆಕಾರ್ಡ್ ಇಲ್ಲ, ಯಾರೋ ಕಿತ್ಕೊಂಡು ಹೋಗಿದಾರೆ.

ಇನ್ನೊಂದು, ಕವರ್ ಮೇಲಿರೋ ತಾರೀಖು ನಂಬಿ ಕೆಡ್ಬೇಡಿ. ಫಾಮಿತ್ಸು ಮೊದಲ್ನೇ ಸಂಚಿಕೆ ಅಂಗಡಿಗೆ ಬಂದಿದ್ದು 1986 ಜೂನ್ 6, ಕವರ್ ಮೇಲೆ ಇರೋದು ಜೂನ್ 20. ಎಲ್ಲಾ ಮ್ಯಾಗಜೀನೂ ಹಿಂಗೇ ಮುಂದಿನ ತಾರೀಖು ಹಾಕೋವು. ಇದು ಗೊತ್ತಿಲ್ದೆ ಎಷ್ಟೋ ಜನ "ಈ ಗೇಮ್ ಇಂಥ ದಿನಕ್ಕಿಂತ ಮೊದ್ಲು ಯಾರೂ ನೋಡೇ ಇಲ್ಲ" ಅಂತ ಬರ್ದುಬಿಡ್ತಾರೆ.

ಟ್ಯಾಂಕ್_ತಿಮ್ಮ
ಸಾರ್ ನೀವ್ ಬಂಗಾರ. ನನ್ ಸ್ಕ್ಯಾನ್‌ನಲ್ಲಿ ವರ್ಷನೇ ಕಾಣ್ತಿಲ್ಲ, ಎಲ್ಲೋ ಒಂದ್ಕಡೆ 61 ಅಂತ ಇದೆ ಅಷ್ಟೆ.

ನಿಶಿಕಸಾಯ್_ಕನ್ನಡಿಗ
ಅದೇ ವರ್ಷ. ಶೋವಾ 61. 1925 ಸೇರಿಸಿ, 1986. ನಮ್ ಅಜ್ಜಂದಿರು ಪ್ರಭವ ವಿಭವ ಅಂತ ಲೆಕ್ಕ ಹಾಕಲ್ವಾ, ಇಲ್ಲಿ ಚಕ್ರವರ್ತಿ ಹೆಸರಲ್ಲಿ ಲೆಕ್ಕ. 1989ರ ಜನವರಿಲಿ ಶೋವಾ ಮುಗೀತು, ಅಲ್ಲಿಂದ ಹೇಸೇ, ಅದಕ್ಕೆ 1988 ಸೇರಿಸ್ಬೇಕು.

ಲೈಬ್ರರಿ_ಅಕ್ಕ
ಹರಿದ ಜಾಹೀರಾತು ಪುಟ ಒಂದೇ ಸಿಕ್ಕಿದ್ರೆ ಬೆಲೆ ನೋಡಿ. ಜಪಾನಲ್ಲಿ 3 ಪರ್ಸೆಂಟ್ ಕನ್ಸಂಪ್ಷನ್ ಟ್ಯಾಕ್ಸ್ ಶುರುವಾಗಿದ್ದು 1989ರ ಏಪ್ರಿಲ್ 1ಕ್ಕೆ. ಬೆಲೆ ಪಕ್ಕ ಆ ಟ್ಯಾಕ್ಸ್ ಮಾತು ಇದ್ರೆ ಪುಟ ಆಮೇಲಿಂದು. ನಮ್ಮ ಹಳೇ ಕ್ಯಾಟಲಾಗ್ ಕೆಲಸದಲ್ಲಿ ಇಂಥ ಸಣ್ಣ ಸುಳಿವೇ ಜಾಸ್ತಿ ಉಪಯೋಗಕ್ಕೆ ಬರೋದು.

ಸೇಗಾ_ಸೀನ
ಎಲ್ರೂ ಫ್ಯಾಮಿಕಾಮ್ ಫ್ಯಾಮಿಕಾಮ್ ಅಂತೀರಲ್ಲ, ಒಂದ್ ಪ್ರಶ್ನೆ. 1983 ಜುಲೈ 15ಕ್ಕೆ ಫ್ಯಾಮಿಕಾಮ್ ಬಂತು, 14,800 ಯೆನ್. ಅದೇ ದಿನ, ಅದೇ ದಿನಾ ರೀ, ಸೇಗಾ ಕಂಪನಿಯ ಮೆಷಿನ್ ಎಸ್‌ಜಿ-1000 ಬಂತು, 15,000 ಯೆನ್. ಇದನ್ನ ಯಾವ ಯೂಟ್ಯೂಬರ್ ಹೇಳ್ತಾನೆ? ಇಬ್ರೂ ಒಂದೇ ಗೆರೆ ಮೇಲೆ ನಿಂತು ಓಡಿದ್ದು. ಸೋತೋರ ಕಥೆ ಯಾರಿಗೂ ಬೇಡ.

ಕಾರ್ಟ್ರಿಜ್_ಕಿಟ್ಟಿ
ಸೀನ, ಸೋತಿದ್ದಕ್ಕೆ ಕಾರಣ ಇದೆ ಮಗಾ. ಫ್ಯಾಮಿಕಾಮ್ ಜೊತೆ ಬಂದಿದ್ದು ಡಾಂಕಿ ಕಾಂಗ್, ಡಾಂಕಿ ಕಾಂಗ್ ಜೂನಿಯರ್, ಪೊಪಾಯ್. ಆರ್ಕೇಡ್‌ನಲ್ಲಿ ಕಾಸು ಹಾಕಿ ಆಡ್ತಿದ್ದ ಗೇಮ್ ಮನೇಲಿ ಹೆಚ್ಚುಕಮ್ಮಿ ಅದೇ ಥರ ಕಾಣೋದು. ಎಸ್‌ಜಿ-1000ದಲ್ಲಿ ಸ್ಕ್ರೀನ್ ಸರಿಯೋದು ನೋಡಿದೀಯಾ? ಎತ್ತಿನಗಾಡಿ ಹಳ್ಳಕ್ಕೆ ಬಿದ್ದಂಗೆ ಜರ್ಕ್ ಹೊಡಿಯುತ್ತೆ.

ಸೇಗಾ_ಸೀನ
ಹೋಗ್ಲಿ ಬಿಡು, 1988ಕ್ಕೆ ಬಾ. ಅಕ್ಟೋಬರ್ 29ಕ್ಕೆ ಸೇಗಾದ ಮೆಗಾ ಡ್ರೈವ್ ಬಂತು, 16 ಬಿಟ್, 21,000 ಯೆನ್. ನಿಂಟೆಂಡೋ ಏನ್ ಮಾಡ್ತು? ಮೂರೇ ವಾರಕ್ಕೆ, ನವೆಂಬರ್ 21ಕ್ಕೆ ಪತ್ರಕರ್ತರನ್ನ ಕರ್ದು ತನ್ನ ಮುಂದಿನ ಮೆಷಿನ್ ಸೂಪರ್ ಫ್ಯಾಮಿಕಾಮ್ ತೋರಿಸ್ತು. ಅಂಗಡಿಗೆ ಬಂದಿದ್ದು ಯಾವಾಗ? 1990ರ ನವೆಂಬರ್ 21. ಕರೆಕ್ಟಾಗಿ ಎರಡು ವರ್ಷ! ಅಷ್ಟು ದಿನ "ಇರಿ ಇರಿ ನಮ್ದು ಬರ್ತಿದೆ" ಅಂತ ಜನರನ್ನ ಕಾಯಿಸಿದ್ರು. ಇದು ಇವತ್ತಿನ ಟೈಮ್‌ಲೈನಲ್ಲಿ ಎರಡು ಚುಕ್ಕೆ ಅಷ್ಟೆ. ಆಗಿನ ಸಂಚಿಕೆ ಒಂದೊಂದಾಗಿ ತಿರುವಿದ್ರೆ ಗೊತ್ತಾಗುತ್ತೆ ಆ ಎರಡು ವರ್ಷ ಎಷ್ಟು ಉದ್ದ ಅಂತ. ಬರದೇ ಇರೋ ಮೆಷಿನ್ ಬಗ್ಗೆ ಪುಟಗಟ್ಲೆ, ಹಳೇ ಕ್ಯಾಸೆಟ್ ಹೊಸದರಲ್ಲಿ ನಡಿಯೋಕೆ ಅಡಾಪ್ಟರ್ ಕೊಡ್ತೀವಿ ಅಂತ ಪ್ಲಾನ್ ಬೇರೆ, ಆ ಅಡಾಪ್ಟರ್ ಕೊನೆಗೂ ಬರ್ಲಿಲ್ಲ.

ಕುಡ್ಲ_ಕಾಂಟ್ರಾ
ಸೀನಣ್ಣ ಹೇಳಿದ್ದು ಸರಿ ಉಂಟು ಮಾರಾಯ್ರೆ, ಆದ್ರೆ ಜಪಾನಲ್ಲಿ ಸೇಗಾವನ್ನು ಹೊಡೆದದ್ದು ನಿಂಟೆಂಡೋ ಒಂದೇ ಅಲ್ಲ. ಪಿಸಿ ಎಂಜಿನ್ ಅಂತ ಒಂದು ಉಂಟಲ್ಲ, ಎನ್‌ಇಸಿ ಮತ್ತೆ ಹಡ್ಸನ್ ಸೇರಿ ಮಾಡಿದ್ದು, 1987 ಅಕ್ಟೋಬರ್ 30. ಗೇಮ್ ಎಲ್ಲ ಕ್ರೆಡಿಟ್ ಕಾರ್ಡಿನಷ್ಟು ಸಣ್ಣ ಕಾರ್ಡಲ್ಲಿ. ಮರುವರ್ಷ ಡಿಸೆಂಬರಿಗೆ ಸಿಡಿ ಡ್ರೈವ್ ಬಿಟ್ರು, 57,300 ಯೆನ್, ಮನೆ ಗೇಮಿಗೆ ಸಿಡಿ ಅಂದ್ರೆ ಅದೇ ಮೊದಲು. ಜಪಾನಲ್ಲಿ ಮೆಗಾ ಡ್ರೈವ್ ಇದರ ಹಿಂದೆಯೇ ಉಳಿದದ್ದು. ಇಂಗ್ಲಿಷ್ ಕಥೆಯಲ್ಲಿ ಸೇಗಾ ನಿಂಟೆಂಡೋ ಯುದ್ಧ ಮಾತ್ರ, ಇದು ಎಲ್ಲಿ ಹೋಯ್ತು ಅಂತ ಯಾರೂ ಕೇಳುವುದಿಲ್ಲ.

ಸುಮ್ನೆ_ಬಂದೆ
57,300 ಯೆನ್‌ಗೆ ನಮ್ಮಪ್ಪ ಸೈಟೇ ತಗೋತಿದ್ರೇನೋ

ಓದು_ಮಗಾ_ಓದು
ಒಂದು ನಿಮಿಷ. 1983ರ ಮಾರ್ಕೆಟ್ ಕ್ರ್ಯಾಶ್ ಸುಳ್ಳಾ ಹಂಗಾದ್ರೆ?

ಕಾರ್ಟ್ರಿಜ್_ಕಿಟ್ಟಿ
ಸುಳ್ಳಲ್ಲ, ಅಮೆರಿಕದ ಕಥೆ. ಜಪಾನಲ್ಲಿ ಅದನ್ನ ಅಟಾರಿ ಶಾಕ್ ಅಂತಾರೆ, ಪಕ್ಕದ್ ಮನೆ ಸುದ್ದಿ ಥರ. ಅಮೆರಿಕದಲ್ಲಿ ಅಂಗಡಿಯವ್ರು ಕ್ಯಾಸೆಟ್‌ನ ಕಾಸಿಗೊಂದು ಕೊಸರಿಗೊಂದು ಅಂತ ತಳ್ತಿದ್ದಾಗ ಜಪಾನಲ್ಲಿ ಫ್ಯಾಮಿಕಾಮ್ ಮೇಲಕ್ಕೆ ಹೋಗ್ತಿತ್ತು, 85ಕ್ಕೆ ಸೂಪರ್ ಮಾರಿಯೋ ಬಂದ್ಮೇಲೆ ಕೇಳೋದೇ ಬೇಡ. ಮಾರ್ಕೆಟ್ ಬಿದ್ದಿತ್ತು ಅನ್ನೋ ಕಾಲದಲ್ಲೇ ಬೀಪ್ ಥರ ಹೊಸ ಮ್ಯಾಗಜೀನ್ ಹುಟ್ತಿದ್ವು ಅನ್ನೋದೇ ಸಾಕ್ಷಿ ಅಲ್ವಾ.

ಲೈಬ್ರರಿ_ಅಕ್ಕ
ಸೂಪರ್ ಮಾರಿಯೋ ಅಂದ್ರಿ, ಒಂದು ತಮಾಷೆ ಕೇಳಿ. ಜಪಾನಲ್ಲಿ ಅದು ಬಂದ ದಿನ 1985 ಸೆಪ್ಟೆಂಬರ್ 13, ಯಾರಿಗೂ ಅನುಮಾನ ಇಲ್ಲ. ಅಮೆರಿಕದಲ್ಲಿ ಯಾವತ್ತು ಬಂತು? ಇವತ್ತಿಗೂ ಜಗಳ ಮುಗಿದಿಲ್ಲ. ಜಗತ್ತಿನ ಅಷ್ಟು ಫೇಮಸ್ ಗೇಮು! ಜಪಾನಲ್ಲಿ ಯಾವ ಗೇಮ್ ಯಾವ ದಿನ, ಎಷ್ಟು ಬೆಲೆ ಅಂತ ಪಟ್ಟಿ ಹಾಕೋ ಮ್ಯಾಗಜೀನ್‌ಗಳು ಆಗ್ಲೇ ಇದ್ವು. ಅಮೆರಿಕದಲ್ಲಿ ಕ್ರ್ಯಾಶ್ ಆದ್ಮೇಲೆ ಗೇಮ್ ಮ್ಯಾಗಜೀನ್‌ಗಳೂ ಬಹಳಷ್ಟು ಮುಚ್ಕೊಂಡಿದ್ವು, ಬರ್ದಿಡೋರು ಕಮ್ಮಿ.

ಆದ್ರೆ ಆ ಪಟ್ಟಿನೂ ಕಣ್ಮುಚ್ಚಿ ನಂಬೋ ಹಂಗಿಲ್ಲ. ಅದು "ಬರಲಿದೆ" ಪಟ್ಟಿ. ಗೇಮ್ ಮುಂದಕ್ಕೆ ಹೋಗುತ್ತೆ, ಕ್ಯಾನ್ಸಲ್ ಆಗುತ್ತೆ. ಒಂದೇ ಗೇಮ್ ನಾಲ್ಕು ಸಂಚಿಕೆಲಿ ನಾಲ್ಕು ತಾರೀಖು ಇರುತ್ತೆ. ಕೊನೇ ಸಂಚಿಕೆ ತನಕ ಹಿಂಬಾಲಿಸ್ಬೇಕು.

ಧಾರವಾಡ_ಪೇಡೆ
ತಾರೀಖು ಬಿಡ್ರಿ, ಫಾಮಿಮಗದಾಗ ಬೇಕಂತನ ಸುಳ್ಳ ಬರೀತಿದ್ರು! ಅವ್ರದು ಉರು ತೆಕು ಅಂತ ಒಂದ್ ಕಾಲಂ, ಗೇಮಿನ ಗುಟ್ಟು, ಟ್ರಿಕ್ಕು ಎಲ್ಲಾ ನಂಬರ್ ಹಾಕಿ ಕೊಡ್ತಿದ್ರು. ಅದರಾಗ ಒಂದು ಉಸೊ ತೆಕು, ಅಂದ್ರ ಸುಳ್ಳ ಟ್ರಿಕ್, ಸೇರಿಸಿಬಿಡೂದು. ಯಾವ್ದು ಸುಳ್ಳು ಅಂತ ಓದೂ ಹುಡುಗ್ರು ಕಂಡ್ ಹಿಡೀಬೇಕು. ಬಡ ಹುಡುಗ್ರು ರಾತ್ರಿಯೆಲ್ಲಾ ಕುಂತು ಇಲ್ಲದ ಬಾಗಿಲಾ ಹುಡುಕಿರಬೇಕು ನೋಡ್ರಿ. ಈಗ ನಲವತ್ತು ವರ್ಷ ಆದ ಮ್ಯಾಲ ನಮ್ಮಂಥವ್ರು ಅದನ್ನ ಟ್ರಾನ್ಸ್‌ಲೇಟ್ ಮಾಡಿ "ಯಾರಿಗೂ ಗೊತ್ತಿಲ್ಲದ ಸೀಕ್ರೆಟ್" ಅಂತ ವಿಡಿಯೋ ಬಿಡೂದು 🤣

ಟ್ಯಾಂಕ್_ತಿಮ್ಮ
ಅಯ್ಯೋ ನಮ್ ಬೀದಿಲಿ ಒಬ್ಬ ಇದ್ದ, ಮಾರಿಯೋ ಕೊನೇ ಬಾವುಟದ ಮೇಲಿಂದ ಹಾರಿದ್ರೆ ಇನ್ನೊಂದು ಊರು ಸಿಗುತ್ತೆ ಅಂತ. ಅವ್ನೇ ನಮ್ ಉಸೊ ತೆಕು.

ಹಿರಗಾನ_ಹೇಮ
ಓದೋದು ಹೆಂಗೆ ಅನ್ನೋ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ, ನಾನ್ ಕೊಡ್ತೀನಿ. ಕಾಂಜಿ, ಅಂದ್ರೆ ಚೀನಾದಿಂದ ಬಂದ ಕಷ್ಟದ ಅಕ್ಷರ, ಬಿಟ್ಟಾಕಿ. ಮೊದ್ಲು ಕತಕಾನ ಕಲೀರಿ, 46 ಅಕ್ಷರ, ಕ ಕಿ ಕು ಕೆ ಕೊ ಅಂತ ನಮ್ ಕಾಗುಣಿತದ ಥರಾನೇ ಸಾಲು, ಕನ್ನಡ ಬಂದವ್ರಿಗೆ ಎರಡು ವಾರ ಜಾಸ್ತಿ. ಗೇಮ್ ಹೆಸ್ರು, ಕಂಪನಿ ಹೆಸ್ರು ಬಹಳಷ್ಟು ಕತಕಾನದಲ್ಲೇ ಇರುತ್ತೆ. ಬಾತೊರು ಶಿತೀ ಅಂತ ಜೋಡಿಸಿ ಓದಿ, ಅದೇ ನಿಮ್ ಬ್ಯಾಟಲ್ ಸಿಟಿ. ಮಕ್ಕಳ ಮ್ಯಾಗಜೀನ್ ಆದ್ರಿಂದ ಕಾಂಜಿ ಪಕ್ಕ ಸಣ್ಣಕ್ಕೆ ಹಿರಗಾನ ಅನ್ನೋ ಇನ್ನೊಂದು ಅಕ್ಷರಮಾಲೆಲಿ ಉಚ್ಚಾರಣೆನೂ ಹಾಕಿರ್ತಾರೆ, ಡಿಕ್ಷನರಿಲಿ ಹುಡುಕೋಕೆ ಸುಲಭ. ಫೋನ್ ಕ್ಯಾಮೆರಾ ಟ್ರಾನ್ಸ್‌ಲೇಟರ್ ಮಾತ್ರ ಈ ಪುಟಗಳಲ್ಲಿ ಎಡವಟ್ಟು ಮಾಡುತ್ತೆ, ಮೇಲಿಂದ ಕೆಳಗೆ ಬರ್ದಿರೋದು, ಓರೆ ಅಕ್ಷರ, ಹಿಂದೆ ಡ್ರ್ಯಾಗನ್ ಚಿತ್ರ.

ನಾನು ಹಿರಗಾನ ಕಲ್ತಿದ್ದೇ ಡ್ರ್ಯಾಗನ್ ಕ್ವೆಸ್ಟ್ ಅನ್ನೋ ಗೇಮ್‌ನಿಂದ. 1986ರ ಮೊದಲ್ನೇದ್ರಲ್ಲಿ ಸೇವ್ ಇಲ್ಲ, 20 ಹಿರಗಾನ ಅಕ್ಷರದ ಮಂತ್ರ ಕೊಡ್ತಾರೆ, ಬರ್ಕೊಂಡು ಮುಂದಿನ ಸಲ ಹಾಕ್ಬೇಕು. ಎರಡನೇ ಭಾಗದಲ್ಲಿ 52ರ ತನಕ ಹೋಗುತ್ತೆ. ಒಂದು ಅಕ್ಷರ ತಪ್ಪಿದ್ರೆ ವಾರದ ಕೆಲಸ ನೀರಲ್ಲಿ ಹೋಮ. ಇಷ್ಟು ಶ್ರದ್ಧೆಯಿಂದ ನಾನು ವಿಷ್ಣು ಸಹಸ್ರನಾಮನೂ ಕಲ್ತಿಲ್ಲ.

ಓದು_ಮಗಾ_ಓದು
ಡ್ರ್ಯಾಗನ್ ಕ್ವೆಸ್ಟ್ 3 ಬಂದಾಗ ಮಕ್ಳು ಸ್ಕೂಲ್ ಚಕ್ಕರ್ ಹೊಡುದ್ರು ಅಂತ ಜಪಾನ್ ಸಂಸತ್ತಲ್ಲಿ ಕಾನೂನೇ ಮಾಡಿದ್ರಂತಲ್ಲ, ವಾರದ ದಿನ ಗೇಮ್ ಬಿಡೋ ಹಂಗಿಲ್ಲ ಅಂತ?

ಹಿರಗಾನ_ಹೇಮ
ಕಾನೂನೂ ಇಲ್ಲ ಏನೂ ಇಲ್ಲ. 1988 ಫೆಬ್ರವರಿ 10, ಬುಧವಾರ, ಕ್ಯೂ ನಿಂತಿದ್ದು, ಚಕ್ಕರ್ ಹೊಡೆದಿದ್ದು ನಿಜ. ಕಾನೂನು ಅನ್ನೋದು ಇಂಗ್ಲಿಷಲ್ಲಿ ಒಬ್ಬರಿಂದ ಒಬ್ಬರು ಕಾಪಿ ಹೊಡ್ಕೊಂಡು ಬಂದ ಅಂತೆಕಂತೆ.

ಕುಡ್ಲ_ಕಾಂಟ್ರಾ
ನನಗೆ ಒಂದು ಡೌಟ್ ಸಣ್ಣದಿರುವಾಗಿಂದ ಉಂಟು. ನಮ್ಮ ಗೇಮಿನ ಎರಡನೇ ರಿಮೋಟಲ್ಲಿ ಸ್ಟಾರ್ಟ್ ಬಟನ್ ಯಾಕೆ ಇರ್ಲಿಲ್ಲ? ತಮ್ಮಂದಿರಿಗೆ ಅನ್ಯಾಯ ಮಾಡ್ಲಿಕ್ಕಾ?

ಕಾರ್ಟ್ರಿಜ್_ಕಿಟ್ಟಿ
ಒಳ್ಳೆ ಪ್ರಶ್ನೆ. ಒರಿಜಿನಲ್ ಫ್ಯಾಮಿಕಾಮ್‌ನಲ್ಲೇ ಎರಡನೇ ರಿಮೋಟ್‌ಗೆ ಸ್ಟಾರ್ಟ್, ಸೆಲೆಕ್ಟ್ ಇಲ್ಲ. ಆ ಜಾಗದಲ್ಲಿ ಮೈಕ್ ಇತ್ತು, ವಾಲ್ಯೂಮ್ ಕಡ್ಡಿ ಇತ್ತು! ಕಾಪಿ ಮಾಡಿದವ್ರು ಮೈಕ್ ಕಿತ್ತಾಕಿ ಖರ್ಚು ಉಳಿಸಿದ್ರು, ಬಟನ್ ಮಾತ್ರ ವಾಪಸ್ ಹಾಕ್ಲಿಲ್ಲ. ನಿಂಟೆಂಡೋದ ಜೆಲ್ಡಾ ಗೇಮ್‌ನಲ್ಲಿ ದೊಡ್ಡ ಕಿವಿ ಇರೋ ಒಂದು ರಾಕ್ಷಸ ಬರುತ್ತಲ್ಲ, ಜಪಾನಲ್ಲಿ ಮೈಕ್‌ಗೆ ಕಿರುಚಿದ್ರೆ ಅದು ಸಾಯುತ್ತೆ. ಅಮೆರಿಕದ ಮೆಷಿನ್‌ಗೆ ಮೈಕೇ ಇಲ್ಲ, ಆದ್ರೂ ಅವ್ರ ಮ್ಯಾನುಯಲ್‌ನಲ್ಲಿ ಇದಕ್ಕೆ ಜೋರು ಶಬ್ದ ಕಂಡ್ರೆ ಆಗಲ್ಲ ಅಂತ ಹಂಗೇ ಬಿಟ್ಟಿದ್ರು. ಪಾಪ ಅಲ್ಲಿನ ಮಕ್ಳು ಗೇಮ್ ಒಳಗಿನ ಕೊಳಲು ಊದಿ ಊದಿ ಸುಸ್ತು.

ಸುಮ್ನೆ_ಬಂದೆ
ನಾವು ಮೈಕ್ ಇಲ್ದೇನೇ ಕಿರುಚ್ತಿದ್ವಿ

ನಿಶಿಕಸಾಯ್_ಕನ್ನಡಿಗ
ವಿಷಯಾಂತರ ಆದ್ರೂ ಇದು ಇಲ್ಲಿ ಹೇಳ್ಲೇಬೇಕು, ಭಾರತದವ್ರು ಮಿಸ್ ಮಾಡಬಾರದ ಕಥೆ. ಗೇಮೆಸ್ಟ್ ಅಂತ ಆರ್ಕೇಡ್ ಗೇಮ್‌ಗಳ ಮ್ಯಾಗಜೀನ್ ಇತ್ತು, 1986ರಿಂದ 1999. ಅಚ್ಚಿನ ತಪ್ಪಿಗೆ ಅದು ಫೇಮಸ್. ಸೇಗಾದ ಸ್ಕಡ್ ರೇಸ್ ಅನ್ನೋ ಕಾರ್ ಗೇಮ್ ಬಗ್ಗೆ ಬರೀತಾ, ಇಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಟೀರಿಂಗ್ ಬಲಕ್ಕೆ ತಿರುಗಿಸಿ ಅಂತ ಹೇಳ್ಬೇಕಿತ್ತು. ಸ್ಟೀರಿಂಗ್‌ಗೆ ಇವ್ರು ಹಾಂದೊರು ಅಂತಾರೆ. ಬರೆದವ್ನ ಕೈಬರಹ ಕೋಳಿಕಾಲು. ಅಚ್ಚು ಜೋಡ್ಸೋನು "ಹಾ" ಅಕ್ಷರವನ್ನ "ಇ" ಅಂತ ಓದಿದ, ಕೊನೇ "ರು" ಅಕ್ಷರ ಮನುಷ್ಯ ಅನ್ನೋ ಕಾಂಜಿ ಥರ ಕಾಣ್ತು. ಹಾಂದೊರು ಹೋಗಿ ಇಂದೊಜಿನ್ ಆಯ್ತು. ಅಚ್ಚಾಗಿ ಬಂದಿದ್ದು: "ಆಕ್ಸಿಲರೇಟರ್ ಪೂರ್ತಿ ಒತ್ತಿ, ಭಾರತೀಯನನ್ನ ಬಲಕ್ಕೆ!"

ಇಲ್ಲಿ ಹಳೇ ಗೇಮರ್‌ಗಳಿಗೆ ಈಗ್ಲೂ ಬಾಯಿಪಾಠ. ನಾನು ಒಂದು ಹಳೇ ಪುಸ್ತಕದಂಗಡಿಲಿ, ಜಿಂಬೊಚೊ ಏರಿಯಾದಲ್ಲಿ, ಗೇಮೆಸ್ಟ್ ಹಳೇ ಸಂಚಿಕೆ ಕೇಳ್ದೆ. ಅಂಗಡಿ ಅಜ್ಜ ನನ್ ಮುಖ ನೋಡಿದ್ರು, ತುಟಿ ಕಚ್ಕೊಂಡು ನಗು ತಡ್ಕೊಂಡ್ರು, ಆಮೇಲೆ ಕೈ ತೋರಿಸಿದ್ರು: ಆ ಕಪಾಟು, ಬಲಕ್ಕೆ.

ಧಾರವಾಡ_ಪೇಡೆ
ಯಪ್ಪಾ 🤣🤣 ಚಹಾ ಮೂಗಿನಾಗ ಬಂತ್ರೀ

ಸೇಗಾ_ಸೀನ
ನೋಡಿ, ಸೇಗಾ ಗೇಮೇ ಇದಕ್ಕೂ ಬೇಕಾಯ್ತು. ಇನ್ನೊಂದು ಇದೆ ಅದೇ ಮ್ಯಾಗಜೀನ್‌ದು, ಸ್ಟ್ರೀಟ್ ಫೈಟರ್‌ನ ಜಾಂಗೀಫ್ ಸೂಪರ್ ಲಾರಿಯಟ್ ಅನ್ನೋದನ್ನ ಜಾಂಗ್ಯುರ ಸೂಪರ್ ಉರಿಯಜ್ಜೋ ಅಂತ ಹಾಕಿದ್ರು. ಅರ್ಥನೇ ಇಲ್ಲ.

ಓದು_ಮಗಾ_ಓದು
ಕೇಳೋಕೆ ಚೆನ್ನಾಗಿದೆ, ಆದ್ರೆ ಸ್ಕ್ಯಾನ್ ಇಳಿಸ್ಕೊಳ್ಳೋದು ಕಳ್ಳತನ ಅಲ್ವಾ? ಯಾರೂ ಮಾತಾಡ್ತಿಲ್ಲ.

ಲೈಬ್ರರಿ_ಅಕ್ಕ
ಕಾನೂನು ಪ್ರಕಾರ ಹೌದು, ಕಾಪಿರೈಟ್ ಇನ್ನೂ ಇದೆ. ಜಪಾನಲ್ಲಿ ಕಂಪನಿ ಹೆಸರಿನ ಕೃತಿಗೆ 50 ವರ್ಷ ಇದ್ದಿದ್ದು 2018ರ ಕೊನೆಗೆ 70 ಆಯ್ತು. 1986ರ ಮ್ಯಾಗಜೀನ್ ಅಂದ್ರೆ 2056ರ ತನಕ. ಅಷ್ಟೊತ್ತಿಗೆ ಆ ಕಾಗದ ಹಪ್ಪಳ ಆಗಿರುತ್ತೆ. ಟೋಕಿಯೊದ ನ್ಯಾಷನಲ್ ಡಯಟ್ ಲೈಬ್ರರಿಲಿ ಕೂತು ಓದ್ಬಹುದು, ಪ್ರಕಾಶಕರು ಅಲ್ಲಿಗೆ ಒಂದು ಪ್ರತಿ ಕೊಡ್ಬೇಕು ಅಂತ ನಿಯಮ. ಗೇಮ್ ಪ್ರಿಸರ್ವೇಶನ್ ಸೊಸೈಟಿ ಅಂತ ಅಲ್ಲೇ ಒಂದು ಸಂಸ್ಥೆನೂ ಇದೆ, ಗೇಮ್‌ಗಳನ್ನ ಉಳಿಸೋಕೆ ಅಂತ್ಲೇ ಇರೋರು. ಶಿಗ್ಗಾಂವಿಲಿ ಕೂತಿರೋ ನಾನೇನ್ ಮಾಡ್ಲಿ ಅಂದ್ರೆ, ನನ್ ಹತ್ರ ಉತ್ತರ ಇಲ್ಲ. ನಾನೂ ಸ್ಕ್ಯಾನೇ ನೋಡೋದು.

ಓದು_ಮಗಾ_ಓದು
ಲೈಬ್ರರಿಯವ್ರೇ ಹಿಂಗಂದ್ರೆ...

ಹಿರಗಾನ_ಹೇಮ
ಎಲ್ಲಾ ದೊಡ್ಡ ಮ್ಯಾಗಜೀನ್ ಬಗ್ಗೆನೇ ಮಾತಾಡ್ತಿದೀರ. ನನಗೆ ಇಷ್ಟ ಆಗೋದು ಸಣ್ಣದು. 1983ರಲ್ಲಿ ಸತೋಶಿ ತಾಜಿರಿ ಅನ್ನೋ ಹುಡುಗ ಕೈಯಲ್ಲೇ ಬರ್ದು, ಝೆರಾಕ್ಸ್ ಮಾಡಿ, ಸ್ಟೇಪ್ಲರ್ ಹೊಡ್ದು ಒಂದು ಆರ್ಕೇಡ್ ಪತ್ರಿಕೆ ಮಾಡ್ದ. ಹೆಸ್ರು ಗೇಮ್ ಫ್ರೀಕ್. ಅದನ್ನ ನೋಡಿ ಕೆನ್ ಸುಗಿಮೊರಿ ಬಂದು ಚಿತ್ರ ಬರೆಯೋಕೆ ಸೇರ್ಕೊಂಡ್ರು. ಗೇಮ್ ಬಗ್ಗೆ ಬರ್ದು ಬರ್ದು ಸಾಕಾಗಿ ತಾವೇ ಮಾಡೋಣ ಅಂತ 1989ಕ್ಕೆ ಕಂಪನಿ ಮಾಡಿದ್ರು. 1996 ಫೆಬ್ರವರಿ 27ಕ್ಕೆ ಆ ಕಂಪನಿದು ಒಂದು ಗೇಮ್ ಬಂತು, ಪೋಕೆಮಾನ್.

ಸುಮ್ನೆ_ಬಂದೆ
ಸ್ಟೇಪ್ಲರ್ ಎಲ್ಲಿ ಸಿಗುತ್ತೆ, ಅರ್ಜೆಂಟ್

ಟ್ಯಾಂಕ್_ತಿಮ್ಮ
ಅಪ್‌ಡೇಟ್. ಹತ್ತು ದಿನ ಕತಕಾನ ಗೀಚ್ದೆ. ನಿನ್ನೆ ರಾತ್ರಿ ನನ್ ಶೋವಾ 61ರ ಸ್ಕ್ಯಾನ್‌ನಲ್ಲಿ ನಾ-ಮು-ಕೊ ಅಂತ ಜೋಡ್ಸಿ ಓದಿ ಒಬ್ನೇ ಕೂಗ್ಕೊಂಡೆ, ಮಗಳು ಎದ್ದು ಬಂದು ಅಪ್ಪ ಏನಾಯ್ತು ಅಂದ್ಲು. ಕಿಟ್ಟಿ, ಪಿನ್ ಎಣಿಸ್ದೆ, ಒಂದು ಕಡೆ 30, ಇನ್ನೊಂದು ಕಡೆ 30.

ಒಂದೇ ಬಾಕಿ. ನಮ್ ಕ್ಯಾಸೆಟ್‌ನಲ್ಲಿ ಟ್ಯಾಂಕ್ ಗೇಮ್ ಎರಡು ಸಲ ಇದೆ, ಒಂದ್ರಲ್ಲಿ ಟ್ಯಾಂಕ್ ನೀರಲ್ಲೂ ಹೋಗುತ್ತೆ, ಮೇಲೆ ಟ್ಯಾಂಕ್ 1990 ಅಂತ ಬರುತ್ತೆ. ಅದು ಯಾವ ಸಂಚಿಕೆಲಿ ಸಿಗುತ್ತೆ?

ಕಾರ್ಟ್ರಿಜ್_ಕಿಟ್ಟಿ
ಅದು ಯಾವ ಸಂಚಿಕೆಲೂ ಸಿಗಲ್ಲ ತಿಮ್ಮಣ್ಣ. ಬ್ಯಾಟಲ್ ಸಿಟಿನ ಯಾರೋ ಬಿಚ್ಚಿ ತಿದ್ದಿದ್ದು ಅದು, ನಾಮ್ಕೊದಲ್ಲ. ಅದಕ್ಕೆ ಮ್ಯಾಗಜೀನೂ ಇಲ್ಲ, ಜಾಹೀರಾತೂ ಇಲ್ಲ, ಕ್ಯಾಸೆಟ್ ಒಂದೇ ದಾಖಲೆ. ಕವಚ ಬಿಚ್ಚಿ ಒಳಗಿನ ಬೋರ್ಡ್ ಎರಡೂ ಕಡೆ ಫೋಟೋ ತೆಗ್ದು ಇಲ್ಲಿ ಹಾಕಿ. ಬೇರೆಯವ್ರ ಹತ್ರ ಇದ್ರೂ ಹಾಕಿ.

ಕುಡ್ಲ_ಕಾಂಟ್ರಾ
ನಮ್ಮದು ಅಮ್ಮನ ಮನೆ ಅಟ್ಟದಲ್ಲಿ ಉಂಟು, ಮಳೆಗೆ ನೆನೆಯದಿದ್ರೆ. ಚೌತಿಗೆ ಊರಿಗೆ ಹೋದಾಗ ನೋಡ್ತೇನೆ.

ಧಾರವಾಡ_ಪೇಡೆ
ಬಿಚ್ಚಬೇಕಾದ್ರ ಹುಷಾರ್ರೀ. ಭಾರತೀಯನ್ನ ಬಲಕ್ಕ ತಿರುಗಿಸಿದ್ರ ಸ್ಕ್ರೂ ಇನ್ನೂ ಬಿಗಿ ಆಕ್ಕೈತಿ.